ಕ್ಲಾಟ್‌ಗೆ ಓದಿದ್ದು: ಕಾನೂನು ಕಡಿಮೆ, ಓದೋದೇ ಜಾಸ್ತಿ

ನಮ್ಮ ತಿಪಟೂರಿನ ಕಡೆ ಲಾ ಓದೋಕೆ ಎಂಟ್ರೆನ್ಸ್ ಬರೆಯಬೇಕು ಅಂದರೆ ಜನ ಅನುಮಾನದಿಂದ ನೋಡುತ್ತಾರೆ. ತಪ್ಪು ಅವರದಲ್ಲ ಬಿಡಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿ ಬರುವ ಕಾಲೇಜುಗಳಲ್ಲಿ ಐದು ವರ್ಷದ ಕೋರ್ಸಿಗೆ ಪಿಯುಸಿ ಅಂಕ ನೋಡಿ ಸೀಟು ಕೊಡುತ್ತಾರೆ. ಎಂಟ್ರೆನ್ಸ್ ಅಂದರೆ ನೀಟು, ಸಿಇಟಿ. ಅದು ಸೈನ್ಸ್‌ನವರ ತಲೆನೋವು. ಕಾಮರ್ಸ್ ತಗೊಂಡ ನನಗೆ ‘ಸಿಎ ಮಾಡ್ತೀಯಾ, ಬ್ಯಾಂಕ್ ಎಕ್ಸಾಮಾ’ ಅನ್ನೋ ಎರಡೇ ಪ್ರಶ್ನೆ ಬರುತ್ತಿದ್ದವು. ನ್ಯಾಷನಲ್ ಲಾ ಯೂನಿವರ್ಸಿಟಿಗಳ ಎಂಟ್ರೆನ್ಸ್, ಕ್ಲಾಟ್ ಅಂತ ಹೇಳಿದಾಗ ಕಾಲೇಜಿನ ಲೆಕ್ಚರರ್ ಒಬ್ಬರು ಎಂಬಿಎ ಎಂಟ್ರೆನ್ಸ್ ಅಂದುಕೊಂಡು, ‘ಕ್ಯಾಟಾ? ಅದು ಡಿಗ್ರಿ ಆದಮೇಲಮ್ಮಾ’ ಅಂದರು.

ನನಗೆ ಇದರ ಸುಳಿವು ಸಿಕ್ಕಿದ್ದು ಸೋದರಮಾವನಿಂದ. ಅವರು ಇಲ್ಲಿನ ಕೋರ್ಟಿನಲ್ಲಿ ವಕೀಲರೊಬ್ಬರ ಗುಮಾಸ್ತ. ವಕಾಲತ್ತಿಗೆ ಸಹಿ ಹಾಕಿಸೋದು, ನಕಲಿಗೆ ಅರ್ಜಿ ಕೊಡೋದು, ವಾಯಿದೆ ಬಿದ್ದ ತಾರೀಖನ್ನು ಕಕ್ಷಿದಾರರಿಗೆ ಫೋನ್ ಮಾಡಿ ಹೇಳೋದು, ಇದು ಅವರ ದಿನ. ಯಾವುದೋ ಕೇಸಿಗೆ ಬೆಂಗಳೂರಿನಿಂದ ಬಂದಿದ್ದ ಚಿಕ್ಕ ವಯಸ್ಸಿನ ವಕೀಲೆಯೊಬ್ಬರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದವರು ಅಂತ ಗೊತ್ತಾಗಿ, ಅಲ್ಲಿಗೆ ಸೇರೋದು ಹೇಗೆ ಅಂತ ನನಗೋಸ್ಕರ ವಿಚಾರಿಸಿಕೊಂಡು ಬಂದಿದ್ದರು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ನ್ಯಾಷನಲ್ ಲಾ ಯೂನಿವರ್ಸಿಟಿಗಳು (ಎನ್‌ಎಲ್‌ಯು) ಇವೆ. ಎಲ್ಲಕ್ಕೂ ಮೊದಲನೆಯದು ನಮ್ಮ ಬೆಂಗಳೂರಿನದು, 1986ರ ಕರ್ನಾಟಕದ ಕಾಯ್ದೆಯಿಂದ ಹುಟ್ಟಿದ್ದು. ಮೊದಲು ಒಂದೊಂದು ಯೂನಿವರ್ಸಿಟಿಯೂ ತನ್ನದೇ ಪರೀಕ್ಷೆ ಮಾಡುತ್ತಿತ್ತು. ಮಕ್ಕಳು ಊರೂರು ಅಲೆಯಬೇಕಾಗುತ್ತಿತ್ತು. 2008ರಿಂದ ಒಂದೇ ಪರೀಕ್ಷೆ, ಅದೇ ಕ್ಲಾಟ್. ದೆಹಲಿಯ ಎನ್‌ಎಲ್‌ಯು ಮಾತ್ರ ಇವತ್ತಿಗೂ ಐಲೆಟ್ ಅಂತ ಬೇರೆ ಪರೀಕ್ಷೆ ಇಟ್ಟುಕೊಂಡಿದೆ. ಪಿಯುಸಿಯಲ್ಲಿ ಶೇ 45 ಬಂದರೆ ಸಾಕು, ಎಸ್‌ಸಿ, ಎಸ್‌ಟಿಯವರಿಗೆ ಶೇ 40. ಯಾವ ಕಾಂಬಿನೇಷನ್ ಆದರೂ ನಡೆಯುತ್ತದೆ. ವಯಸ್ಸಿನ ಮಿತಿಯಿಲ್ಲ. ಮಿತಿ ಇರೋದು ಜೇಬಿಗೆ: ಅರ್ಜಿ ಶುಲ್ಕ 4,000 ರೂಪಾಯಿ, ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್‌ನವರಿಗೆ 3,500. ಸಿಇಟಿಗೆ ಕೆಲವು ನೂರು ಕಟ್ಟಿ ಅಭ್ಯಾಸವಿರುವ ಊರಲ್ಲಿ ಇದು ದೊಡ್ಡ ಮೊತ್ತ. ‘ಬರೀ ಅರ್ಜಿಗಾ?’ ಅಂತ ಅಪ್ಪ ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಪರೀಕ್ಷೆ ಎರಡು ಗಂಟೆ, 120 ಪ್ರಶ್ನೆ, ಪ್ರಶ್ನೆಗೊಂದು ಅಂಕ. ತಪ್ಪಾದರೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಲೀಗಲ್ ರೀಸನಿಂಗ್, ಲಾಜಿಕಲ್ ರೀಸನಿಂಗ್, ಸ್ವಲ್ಪ ಗಣಿತ. ಕೇಳೋಕೆ ಐದು ವಿಷಯ. ಒಳಗೆ ಹೋಗಿ ನೋಡಿದರೆ ಎಲ್ಲವೂ ಒಂದೇ. ಸುಮಾರು 450 ಪದಗಳ ಒಂದು ಪ್ಯಾಸೇಜ್ ಕೊಡುತ್ತಾರೆ, ಅದರ ಕೆಳಗೆ ನಾಲ್ಕೋ ಐದೋ ಆರೋ ಪ್ರಶ್ನೆ. ಹೀಗೆ ಲೆಕ್ಕ ಹಾಕಿದರೆ ಎರಡು ಗಂಟೆಯಲ್ಲಿ ಹತ್ತು ಸಾವಿರದ ಹತ್ತಿರ ಇಂಗ್ಲಿಷ್ ಪದ ಓದಬೇಕು, ಜೊತೆಗೆ ಉತ್ತರವನ್ನೂ ಕೊಡಬೇಕು. ಇದು ಕಾನೂನಿನ ಪರೀಕ್ಷೆ ಅಲ್ಲ, ಓದುವ ಪರೀಕ್ಷೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇದು ಸಂತೋಷದ ಸುದ್ದಿಯೋ ಕೆಟ್ಟ ಸುದ್ದಿಯೋ ಅಂತ ತಕ್ಷಣ ಹೇಳೋದು ಕಷ್ಟ.

ಇನ್ನೊಂದು ವಿಷಯ. ಈ ಪ್ಯಾಸೇಜ್ ಪದ್ಧತಿ ಬಂದದ್ದು 2020ರಿಂದ. ಅದಕ್ಕಿಂತ ಹಿಂದೆ ನೇರವಾದ ಪ್ರಶ್ನೆಗಳಿರುತ್ತಿದ್ದವು: ಇದರ ರಾಜಧಾನಿ ಯಾವುದು, ಆ ಲ್ಯಾಟಿನ್ ಪದದ ಅರ್ಥ ಏನು, ಈ ಪದದ ವಿರುದ್ಧಪದ ಹೇಳು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಆ ಕಾಲದ ದಪ್ಪ ಗೈಡುಗಳು ಈಗಲೂ ರಾಶಿ ಬಿದ್ದಿವೆ. ಮಾವ ಅಲ್ಲಿಂದ ಒಂದನ್ನು ಚೌಕಾಸಿ ಮಾಡಿ ತಂದಿದ್ದರು. ಪ್ರೀತಿಯಿಂದ ತಂದದ್ದು, ಬೇಡ ಅನ್ನೋಕಾಗಲ್ಲ. ಆದರೆ ಹೊಸದಾಗಿ ಶುರು ಮಾಡುವವರು ಅಂಥ ಗೈಡಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಪರೀಕ್ಷೆ ನಡೆಸುವ ಎನ್‌ಎಲ್‌ಯುಗಳ ಒಕ್ಕೂಟ (ಕನ್ಸಾರ್ಷಿಯಂ) ತನ್ನ ವೆಬ್‌ಸೈಟಿನಲ್ಲಿ ಹಳೇ ಪ್ರಶ್ನೆಪತ್ರಿಕೆಗಳನ್ನು ಪುಕ್ಕಟೆ ಇಟ್ಟಿದೆ. ಅದರಲ್ಲೂ 2024ರ ಪರೀಕ್ಷೆಯಿಂದ ಈಚಿನವು ಮುಖ್ಯ, ಯಾಕೆಂದರೆ ಅಲ್ಲಿಂದಲೇ 150 ಪ್ರಶ್ನೆ ಇದ್ದದ್ದು 120 ಆಯಿತು.

ಓದುವುದನ್ನು ರೂಢಿ ಮಾಡಿಕೊಂಡಿದ್ದು ಹೀಗೆ. ಎಲ್ಲರೂ ಕೊಡುವ ಸಲಹೆ ‘ದಿನಾ ಹಿಂದೂ ಪೇಪರ್ ಓದು’ ಅನ್ನೋದು. ಸುಮ್ನೆ ಓದಿದರೆ ಕಣ್ಣು ಸಾಲಿನ ಮೇಲೆ ಜಾರುತ್ತದೆ, ತಲೆಗೆ ಏನೂ ಹತ್ತಲ್ಲ. ನಾನು ಮೊದಲು ಅದೇ ಸುದ್ದಿಯನ್ನು ಪ್ರಜಾವಾಣಿಯಲ್ಲಿ ಓದುತ್ತಿದ್ದೆ. ಏನಾಗಿದೆ, ಯಾರ ಜಗಳ ಯಾರ ಜೊತೆ ಅನ್ನೋದು ಕನ್ನಡದಲ್ಲಿ ಗೊತ್ತಾಗಿಬಿಟ್ಟರೆ, ಆಮೇಲೆ ಇಂಗ್ಲಿಷ್ ಸಂಪಾದಕೀಯ ಓದುವಾಗ ಗೊತ್ತಿಲ್ಲದ ಪದಗಳು ಕಾಡುವುದಿಲ್ಲ. ಡಿಕ್ಷನರಿ ತೆಗೆಯುವುದೂ ಕಡಿಮೆಯಾಗುತ್ತದೆ. ಇಂಗ್ಲಿಷ್ ಬರದೆ ಇದಕ್ಕೆ ಹೋಗಬಾರದು ಅಂತ ಹೇಳುವವರಿದ್ದಾರೆ. ನನ್ನ ಪ್ರಕಾರ ಬೇಕಾಗಿರೋದು ಚೆನ್ನಾಗಿ ಮಾತಾಡೋ ಇಂಗ್ಲಿಷ್ ಅಲ್ಲ, ಉದ್ದದ ವಾಕ್ಯ ಕಂಡಾಗ ಓಡಿಹೋಗದೆ ಇರೋದು. ಪರೀಕ್ಷೆ ಬರೀ ಇಂಗ್ಲಿಷಿನಲ್ಲೇ ಯಾಕಿರಬೇಕು ಅಂತ 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿಯೂ ಹೋಗಿತ್ತು. ಅದು ನ್ಯಾಯವಾದ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ. ಆದರೆ ನಾನು ಬರೆದ ಪತ್ರಿಕೆ ಇಂಗ್ಲಿಷಿನದೇ.

ರಾತ್ರಿ ಊಟ ಆದಮೇಲೆ ಮಾವನಿಗೆ ಆ ದಿನದ ಸಂಪಾದಕೀಯವನ್ನು ಕನ್ನಡದಲ್ಲಿ ಹೇಳಬೇಕು, ಮೂರೇ ವಾಕ್ಯದಲ್ಲಿ. ಇದು ನಾವೇ ಮಾಡಿಕೊಂಡ ನಿಯಮ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದಾಗಿನ ಮಾತು ನೆನಪಿದೆ.

‘ಮುಖ್ಯವಾಗಿ ಎರಡೇ ಸ್ಲ್ಯಾಬು ಉಳಿಸಿದಾರೆ ಮಾವ, 5 ಮತ್ತು 18. ಜನ ಜಾಸ್ತಿ ಖರೀದಿ ಮಾಡಿದರೆ ತೆರಿಗೆ ಕಮ್ಮಿಯಾದರೂ ಸರ್ಕಾರಕ್ಕೆ ಹಣ ಬರುತ್ತೆ ಅಂತಾರೆ. ರಾಜ್ಯಗಳಿಗೆ ಆಗೋ ನಷ್ಟ ಯಾರು ತುಂಬ್ತಾರೆ ಅಂತ ಬರೆದವರು ಕೇಳ್ತಾರೆ.’

‘ಅದ್ಸರಿ. ಜನ ಉಳಿದ ದುಡ್ಡನ್ನ ಖರ್ಚೇ ಮಾಡ್ತಾರೆ ಅಂತ ಏನು ಗ್ಯಾರಂಟಿ? ಬ್ಯಾಂಕಲ್ಲಿ ಇಟ್ಕೊಂಡ್ರೆ?’

ನೋಡಿ, ಇದೇ ಲಾಜಿಕಲ್ ರೀಸನಿಂಗ್. ಬರೆದವರು ಯಾವ ಮಾತನ್ನು ಹೇಳದೆ ಒಪ್ಪಿಕೊಂಡುಬಿಟ್ಟಿದ್ದಾರೆ, ಯಾವ ಸಂಗತಿ ಸೇರಿಸಿದರೆ ಅವರ ವಾದ ಬೀಳುತ್ತದೆ, ಯಾವುದು ಸೇರಿಸಿದರೆ ಗಟ್ಟಿಯಾಗುತ್ತದೆ. ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವುದು ಇಂಥ ಪ್ರಶ್ನೆಗಳೇ. ಗುಮಾಸ್ತಿಕೆಯಲ್ಲಿ ತಕರಾರು ಅರ್ಜಿಗಳನ್ನು ಓದಿ ಓದಿ ಮಾವನಿಗೆ ಇದು ರಕ್ತಗತ. ಆ ವಿಭಾಗಕ್ಕೆ ನಾನು ಬೇರೆ ಪುಸ್ತಕ ಕೊಳ್ಳಲಿಲ್ಲ.

ಆದರೆ ಲೀಗಲ್ ರೀಸನಿಂಗ್ ಬಂದಾಗ ಮಾವನಿಗೂ ನನಗೂ ಜಗಳ. ಅದರ ಕ್ರಮ ಹೀಗಿದೆ: ಪ್ಯಾಸೇಜಿನಲ್ಲಿ ಒಂದು ಕಾನೂನಿನ ತತ್ವ ವಿವರಿಸಿರುತ್ತಾರೆ. ಕೆಳಗೆ ಸಣ್ಣ ಸಣ್ಣ ಘಟನೆಗಳು. ಆ ತತ್ವವನ್ನು ಈ ಘಟನೆಗೆ ಹಚ್ಚಿದರೆ ಏನಾಗುತ್ತದೆ, ಅಷ್ಟೇ ಹೇಳಬೇಕು. ಮೊದಲೇ ಕಾನೂನು ಗೊತ್ತಿರಬೇಕಿಲ್ಲ. ಗೊತ್ತಿದ್ದರೆ ಎಷ್ಟೋ ಸಲ ತೊಂದರೆಯೇ.

ಅಭ್ಯಾಸಕ್ಕೆ ಮಾಡಿದ ಒಂದು ಪ್ಯಾಸೇಜ್ ‘ಸ್ಟ್ರಿಕ್ಟ್ ಲಯಬಿಲಿಟಿ’ ಬಗ್ಗೆ ಇತ್ತು. ಇಂಗ್ಲೆಂಡಿನ 1868ರ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಕೇಸಿನ ತತ್ವ. ಯಾರಾದರೂ ತನ್ನ ಜಾಗದಲ್ಲಿ ಅಪಾಯದ ವಸ್ತು ತಂದಿಟ್ಟುಕೊಂಡು, ಅದು ತಪ್ಪಿಸಿಕೊಂಡು ಹೊರಗೆ ಹೋಗಿ ಬೇರೆಯವರಿಗೆ ಹಾನಿ ಮಾಡಿದರೆ, ಅವನ ಕಡೆ ಅಜಾಗರೂಕತೆ ಇಲ್ಲದಿದ್ದರೂ ಅವನೇ ಹೊಣೆ. ಘಟನೆ: ಒಂದು ಕಾರ್ಖಾನೆಯ ಒಳಗೆ ರಾಸಾಯನಿಕದ ಟ್ಯಾಂಕ್ ಸಿಡಿಯುತ್ತದೆ. ತಪಾಸಣೆಗೆ ಅಂತ ಒಳಗೆ ಬಂದಿದ್ದ ಅಧಿಕಾರಿಯ ಕೈಗೆ ಪೆಟ್ಟಾಗುತ್ತದೆ. ಕಾಂಪೌಂಡಿನಿಂದ ಆಚೆ ಏನೂ ಹೋಗಿಲ್ಲ. ಪ್ಯಾಸೇಜಿನ ತತ್ವದ ಪ್ರಕಾರ ಮಾಲೀಕ ಹೊಣೆಯೋ ಅಲ್ಲವೋ?

‘ಹೊಣೆ ಅಲ್ಲ’ ಅಂತ ನಾನು ಗುರುತು ಹಾಕಿದೆ. ವಸ್ತು ಹೊರಗೆ ಹೋಗಿಲ್ಲ, ತತ್ವ ಅನ್ವಯಿಸಲ್ಲ.

ಮಾವನಿಗೆ ಸಿಟ್ಟು ಬಂತು. ‘ಏನೇ ಇದು? ಮನುಷ್ಯನ ಕೈ ಹೋಗಿದೆ, ನೀನು ಕಾಂಪೌಂಡ್ ಲೆಕ್ಕ ಹಾಕ್ತಿದೀಯಲ್ಲ!’

‘ಪ್ಯಾಸೇಜಲ್ಲಿ ಹಂಗೇ ಇದೆ ಮಾವ.’

‘ಯಾವ ಜಡ್ಜು ಒಪ್ತಾನೆ ಇದನ್ನ? ಅವನ ಹೆಂಡ್ತಿ ಮಕ್ಕಳಿಗೆ ಯಾರು ಗತಿ?’

ಮಾವ ಹೇಳೋದರಲ್ಲಿ ತಪ್ಪಿಲ್ಲ. ಅಪಾಯಕಾರಿ ಉದ್ಯಮಗಳ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟೇ ಆ ಹಳೇ ಇಂಗ್ಲಿಷ್ ನಿಯಮವನ್ನು ಒಪ್ಪಿಕೊಂಡಿಲ್ಲ. 1985ರ ಡಿಸೆಂಬರಿನಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿತ್ತು, ಭೋಪಾಲ್ ದುರಂತ ಆಗಿ ವರ್ಷವಷ್ಟೇ ಕಳೆದಿತ್ತು. ವಕೀಲ ಎಂ.ಸಿ. ಮೆಹ್ತಾ ಅವರು ಹಾಕಿದ ಆ ಕೇಸಿನಲ್ಲಿ 1986ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟ ಕೋರ್ಟು, ಅಪಾಯಕಾರಿ ಉದ್ಯಮ ನಡೆಸುವವರು ಯಾವ ವಿನಾಯಿತಿಯೂ ಇಲ್ಲದೆ ಹೊಣೆ ಅಂತ ಹೇಳಿತು. ಇದು ನನಗೂ ಗೊತ್ತಿತ್ತು. ಗೊತ್ತಿರೋದನ್ನು ಬಳಸಬೇಕು ಅಂತ ಕೈ ತುರಿಸುತ್ತದೆ. ನಾಲ್ಕು ಆಯ್ಕೆಗಳಲ್ಲಿ ಒಂದು ಸರಿಯಾಗಿ ಹಾಗೇ ಬರೆದಿರುತ್ತದೆ: ‘ಹೊಣೆ, ಯಾಕೆಂದರೆ ಅಪಾಯಕಾರಿ ಉದ್ಯಮಕ್ಕೆ ವಿನಾಯಿತಿ ಇಲ್ಲ.’ ಪತ್ರಿಕೆ ತೆಗೆದವರಿಗೆ ನಮ್ಮ ಆಸೆ ಗೊತ್ತು. ಪ್ಯಾಸೇಜಿನಲ್ಲಿ ಇಲ್ಲದ ಕಾನೂನು, ಅದು ಎಷ್ಟೇ ಒಳ್ಳೇ ಕಾನೂನಾದರೂ, ಆ ಹೊತ್ತಿಗೆ ಇಲ್ಲ ಅಂತಲೇ ಲೆಕ್ಕ.

ಇಡೀ ತಯಾರಿಯಲ್ಲಿ ನನಗೆ ಅತಿ ಕಷ್ಟವಾದದ್ದು ಇದೇ. ಇಂಗ್ಲಿಷ್ ಅಲ್ಲ, ಗಣಿತ ಅಲ್ಲ. ಲಾ ಓದಬೇಕು ಅನ್ನೋ ಮಕ್ಕಳಲ್ಲಿ ಜಾಸ್ತಿ ಜನ ಅನ್ಯಾಯ ಕಂಡರೆ ಮೈ ಉರಿಯುವವರು. ಅಂಥವರನ್ನು ಕೂರಿಸಿ, ಪಾಪದವನು ಸೋಲುವ ಉತ್ತರಕ್ಕೆ ಗುರುತು ಹಾಕಿಸುತ್ತದೆ ಈ ಪರೀಕ್ಷೆ. ನಾನು ಒಂದು ಉಪಾಯ ಮಾಡಿಕೊಂಡೆ. ಪ್ಯಾಸೇಜಿನ ಪಕ್ಕದಲ್ಲಿ ಪೆನ್ನಿನಿಂದ ನಿಯಮವನ್ನು ತುಂಡು ಮಾಡಿ ಬರೆಯುವುದು: ‘ತನ್ನ ಜಾಗ, ಅಪಾಯದ ವಸ್ತು, ಹೊರಗೆ ಹೋಗಬೇಕು, ಹಾನಿ ಆಗಬೇಕು.’ ಪ್ರತಿ ಘಟನೆಗೂ ಈ ನಾಲ್ಕಕ್ಕೆ ಟಿಕ್ಕು ಅಥವಾ ಕ್ರಾಸು. ಒಂದು ಕ್ರಾಸು ಬಿದ್ದರೆ ಮುಗಿಯಿತು, ಹೆಂಡತಿ ಮಕ್ಕಳ ಯೋಚನೆ ಬೇಡ. ಹೀಗೆ ಮಾಡಿದಾಗ ಆಯ್ಕೆಗಳ ಕೊನೆಯ ಭಾಗವನ್ನು ನೋಡೋದೂ ಅಭ್ಯಾಸವಾಯಿತು. ಎಷ್ಟೋ ಆಯ್ಕೆಗಳಲ್ಲಿ ತೀರ್ಮಾನ ಸರಿ ಇರುತ್ತದೆ, ‘ಯಾಕೆಂದರೆ’ ಅನ್ನೋದರ ನಂತರ ತಪ್ಪು ಕಾರಣ ಇಟ್ಟಿರುತ್ತಾರೆ.

ಓದುತ್ತಾ ಹೋದಂತೆ ಖುಷಿ ಕೊಟ್ಟ ಸಂಗತಿಯೊಂದಿದೆ. ದೇಶದ ದೊಡ್ಡ ದೊಡ್ಡ ಸಂವಿಧಾನದ ಕೇಸುಗಳಲ್ಲಿ ನಮ್ಮ ಕಡೆಯ ಹೆಸರುಗಳೇ ಎಷ್ಟೊಂದು! ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಮುಟ್ಟುವ ಹಾಗಿಲ್ಲ ಅಂದ 1973ರ ಕೇಸು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರದು. ಹದಿಮೂರು ನ್ಯಾಯಮೂರ್ತಿಗಳ ಪೀಠ, 7-6ರ ತೀರ್ಪು. ರಾಜ್ಯ ಸರ್ಕಾರಗಳನ್ನು ಮನಸ್ಸಿಗೆ ಬಂದಂತೆ ವಜಾ ಮಾಡಬಾರದು ಅಂದ 1994ರ ತೀರ್ಪು ಎಸ್.ಆರ್. ಬೊಮ್ಮಾಯಿಯವರ ಹೆಸರಲ್ಲಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಕೇಸಿನಲ್ಲಿ. ಇವು ಪ್ಯಾಸೇಜುಗಳಲ್ಲಿ ಬಂದಾಗ ಇಂಗ್ಲಿಷಿನ ಕಾಡಿನಲ್ಲಿ ಪರಿಚಯದವರು ಸಿಕ್ಕ ಹಾಗಾಗುತ್ತಿತ್ತು.

ಮಾವನ ಕಡೆಯಿಂದ ಇನ್ನೊಂದು ತಮಾಷೆ. ಅವರ ಬಾಯಲ್ಲಿ ಐಪಿಸಿ ಸೆಕ್ಷನ್ನುಗಳು ಕುಣಿಯುತ್ತವೆ: 302 ಕೊಲೆ, 379 ಕಳ್ಳತನ, 420 ಮೋಸ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ ಕೊಲೆಯ ಶಿಕ್ಷೆ 103ಕ್ಕೆ ಹೋಯಿತು, ಮೋಸ 318ಕ್ಕೆ ಹೋಯಿತು. ಹಳೇ ಅಪರಾಧಗಳಿಗೆ ಇನ್ನೂ ಐಪಿಸಿಯೇ ಅನ್ವಯಿಸುವುದರಿಂದ ಅವರು ಎರಡನ್ನೂ ನೆನಪಿಟ್ಟುಕೊಳ್ಳಬೇಕು. ‘ಯಾರನ್ನಾದ್ರೂ 318 ಅಂತ ಬೈದ್ರೆ ಅವನಿಗೆ ಅರ್ಥನೇ ಆಗಲ್ಲ ಕಣೇ’ ಅಂತ ಅವರ ಬೇಸರ.

ಪ್ರಚಲಿತ ವಿದ್ಯಮಾನದ ಬಗ್ಗೆ ಹೆಚ್ಚು ಹೇಳೋದಿಲ್ಲ. ಅದಕ್ಕೆ ಅಡ್ಡದಾರಿ ಇಲ್ಲ, ದಿನಾ ಸ್ವಲ್ಪ ಸ್ವಲ್ಪ ಮಾಡಬೇಕು. ಪ್ಯಾಸೇಜ್ ಓದಿದರೆ ಇಲ್ಲಿ ಉತ್ತರ ಸಿಗೋದು ಕಡಿಮೆ. ಪ್ಯಾಸೇಜ್ ಬರೀ ವಿಷಯ ಯಾವುದು ಅಂತ ತೋರಿಸುತ್ತದೆ, ಪ್ರಶ್ನೆ ಅದರ ಆಚೀಚಿನದು. ಹಾಗಾಗಿ ಒಂದು ಸುದ್ದಿಗೆ ಒಂದು ಪುಟ ಇಟ್ಟು, ಮಧ್ಯದಲ್ಲಿ ಸುದ್ದಿ, ಸುತ್ತ ಅದಕ್ಕೆ ಸಂಬಂಧಿಸಿದ ಕಾಯ್ದೆ, ಸಂಸ್ಥೆ, ವರ್ಷ ಬರೆದಿಟ್ಟುಕೊಂಡೆ. ಪೆನ್ಸಿಲ್‌ನಲ್ಲಿ ಬರೆಯೋದು ಒಳ್ಳೇದು. 2025ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಪುಟವನ್ನೇ ನೋಡಿ: ಮೇ ತಿಂಗಳಲ್ಲಿ ಸಂಜೀವ್ ಖನ್ನಾ ಹೋಗಿ ಬಿ.ಆರ್. ಗವಾಯಿ ಬಂದರು. ನವೆಂಬರ್ 24ಕ್ಕೆ ಸೂರ್ಯಕಾಂತ್ ಬಂದರು. ಪರೀಕ್ಷೆ ಡಿಸೆಂಬರ್ 7ಕ್ಕೆ. ಕೊನೇ ಗಳಿಗೆಯಲ್ಲಿ ಎಷ್ಟು ಮಕ್ಕಳು ಆ ಹೆಸರು ಅಳಿಸಿ ಬರೆದರೋ.

ಗಣಿತ ಹತ್ತರಿಂದ ಹದಿನಾಲ್ಕು ಪ್ರಶ್ನೆ. ಎಲ್ಲಾ ಎಸ್ಸೆಸ್ಸೆಲ್ಸಿ ಮಟ್ಟದ್ದು: ಶೇಕಡಾ, ಅನುಪಾತ, ಸರಾಸರಿ. ಕಾಮರ್ಸ್‌ನವರಿಗೆ ನೀರು ಕುಡಿದಷ್ಟು ಸುಲಭ. ಆರ್ಟ್ಸ್‌ನವರು ಹೆದರಿ ಪೂರ್ತಿ ಬಿಟ್ಟುಬಿಡುತ್ತಾರೆ, ಅದು ಬೇಡ.

ಇನ್ನು ಮಾಕ್ ಟೆಸ್ಟು. ಕೋಚಿಂಗ್‌ಗೆ ಬೆಂಗಳೂರಿಗೆ ಹೋಗಿ ಇರೋ ಅನುಕೂಲ ನಮಗಿರಲಿಲ್ಲ. ಒಂದು ಆನ್‌ಲೈನ್ ಟೆಸ್ಟ್ ಸೀರೀಸ್ ಮಾತ್ರ ತಗೊಂಡೆ. ಆದರೆ ಕ್ಲಾಟ್ ನಡೆಯೋದು ಕಂಪ್ಯೂಟರಿನಲ್ಲಿ ಅಲ್ಲ, ಪೇಪರ್ ಮೇಲೆ. ಹಾಗಾಗಿ ಪ್ರಶ್ನೆಪತ್ರಿಕೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಜೊತೆಗೆ ಉತ್ತರದ ವೃತ್ತಗಳನ್ನು ತುಂಬುವ ಒಎಂಆರ್ ಹಾಳೆಯನ್ನೂ ಹಾಕಿಸಿ, ಭಾನುವಾರ ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ ಕೂರುತ್ತಿದ್ದೆ. ನಿಜವಾದ ಪರೀಕ್ಷೆ ಎರಡರಿಂದ ನಾಲ್ಕು. ಊಟ ಮಾಡಿ ಕಣ್ಣು ಎಳೆಯೋ ಹೊತ್ತು ಅದು. ಆ ಹೊತ್ತಿನಲ್ಲಿ 450 ಪದದ ತತ್ವಶಾಸ್ತ್ರದ ಪ್ಯಾಸೇಜ್ ಓದಿ ಎಚ್ಚರವಾಗಿರೋದೇ ಒಂದು ಸಾಧನೆ. ಪರೀಕ್ಷೆಯ ದಿನ ಏನು ತಿನ್ನಬೇಕು ಅಂತ ಇದರಿಂದ ಗೊತ್ತಾಯಿತು: ಅನ್ನ ಬೇಡ, ಬೆಳಗ್ಗೆ ಹತ್ತೂವರೆಗೆ ಗಟ್ಟಿ ತಿಂಡಿ, ಆಮೇಲೆ ಬಾಳೆಹಣ್ಣು.

ಒಎಂಆರ್ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಒಂದು ವೃತ್ತ ಬಾಲ್‌ಪೆನ್ನಿನಿಂದ ತುಂಬೋಕೆ ಐದು ಸೆಕೆಂಡ್ ಅಂದುಕೊಳ್ಳಿ. 120 ವೃತ್ತಕ್ಕೆ ಹತ್ತು ನಿಮಿಷ! ಎರಡು ಗಂಟೆಯ ಪರೀಕ್ಷೆ ಅಸಲಿಗೆ ಒಂದು ಗಂಟೆ ಐವತ್ತು ನಿಮಿಷದ್ದು. ಎಲ್ಲವನ್ನೂ ಕೊನೆಗೆ ತುಂಬುತ್ತೇನೆ ಅಂತ ಇಟ್ಟುಕೊಂಡರೆ ಗಡಿಬಿಡಿಯಲ್ಲಿ ಸಾಲು ತಪ್ಪುತ್ತದೆ, ಅಳಿಸೋಕಾಗಲ್ಲ. ಒಂದೊಂದೇ ತುಂಬುತ್ತಾ ಹೋದರೆ ಓದಿನ ಓಟ ನಿಲ್ಲುತ್ತದೆ. ಪ್ಯಾಸೇಜ್ ಮುಗಿದ ತಕ್ಷಣ ಅದರ ಐದಾರು ಪ್ರಶ್ನೆಗಳನ್ನು ಒಟ್ಟಿಗೆ ತುಂಬೋದು ನನಗೆ ಹಿಡಿಸಿತು. ಕೈಗೆ ಕೆಲಸ, ಕಣ್ಣಿಗೆ ಸ್ವಲ್ಪ ವಿಶ್ರಾಂತಿ.

ನೆಗೆಟಿವ್ ಮಾರ್ಕಿನ ಭಯ ಮಕ್ಕಳನ್ನು ಸುಮ್ನೆ ಕೊಲ್ಲುತ್ತದೆ. ಲೆಕ್ಕ ಹಾಕಿ ನೋಡಿ. ಏನೂ ಗೊತ್ತಿಲ್ಲದ ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಉತ್ತರ ಹಾಕಿದರೆ, ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು. ಒಂದು ಅಂಕ ಬಂತು, ಮುಕ್ಕಾಲು ಹೋಯಿತು, ಕಾಲು ಉಳಿಯಿತು. ನಷ್ಟವಂತೂ ಇಲ್ಲ. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಅಂತ ಹೊಡೆದುಹಾಕೋಕೆ ಆದರೆ, ಅಂಥ ನಾಲ್ಕು ಪ್ರಶ್ನೆಗೆ ಒಂದೂವರೆ ಅಂಕ ಲಾಭ. ಈ ಲೆಕ್ಕ ಮಾಡಿದ ಮೇಲೆ ನಾನು ‘ಎರಡು ಹೊಡೆದರೆ ಹಾಕು’ ಅಂತ ನಿಯಮ ಇಟ್ಟುಕೊಂಡೆ. ಪೂರ್ತಿ ಕತ್ತಲೆ ಇದ್ದದ್ದನ್ನು ಮಾತ್ರ ಬಿಡುತ್ತಿದ್ದೆ. ಯಾಕೆಂದರೆ ಕಾಲು ಅಂಕದ ಆಸೆಗೆ ಖರ್ಚಾಗುವ ಸಮಯಕ್ಕೆ ಬೆಲೆ ಜಾಸ್ತಿ.

ಆಯ್ಕೆ ಹೊಡೆದುಹಾಕೋದನ್ನು ಕಲಿಯೋಕೆ ನನಗೆ ಸಿಕ್ಕ ಅತ್ಯುತ್ತಮ ಪಠ್ಯ ಯಾವ ಕೋಚಿಂಗಿನದೂ ಅಲ್ಲ, ದೆಹಲಿ ಹೈಕೋರ್ಟಿನದು. ನನಗಿಂತ ಒಂದು ವರ್ಷ ಮುಂದಿನವರು 2024ರ ಡಿಸೆಂಬರ್ 1ರಂದು ಪರೀಕ್ಷೆ ಬರೆದಿದ್ದರು. ಕೆಲವು ಪ್ರಶ್ನೆಗಳ ಅಧಿಕೃತ ಉತ್ತರ ಸರಿಯಿಲ್ಲ ಅಂತ ಅಭ್ಯರ್ಥಿಯೊಬ್ಬರು ಕೋರ್ಟಿಗೆ ಹೋದರು. ಡಿಸೆಂಬರ್ 20ಕ್ಕೆ ಏಕಸದಸ್ಯ ಪೀಠ ಎರಡು ಪ್ರಶ್ನೆಗಳ ವಿಷಯದಲ್ಲಿ ಅವರ ಮಾತು ಒಪ್ಪಿತು. ಬೇರೆ ಬೇರೆ ಹೈಕೋರ್ಟುಗಳಲ್ಲೂ ಅರ್ಜಿಗಳು ಬಿದ್ದಿದ್ದರಿಂದ ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಎಲ್ಲವನ್ನೂ ದೆಹಲಿಗೆ ಕಳಿಸಿತು. ಏಪ್ರಿಲ್ 23ಕ್ಕೆ ದ್ವಿಸದಸ್ಯ ಪೀಠದ ತೀರ್ಪು ಬಂತು. ಮೇ 7ಕ್ಕೆ ಸುಪ್ರೀಂ ಕೋರ್ಟು ಅದರಲ್ಲೂ ಒಂದಷ್ಟು ತಿದ್ದಿತು. ಅಲ್ಲಿಯತನಕ ಆ ಮಕ್ಕಳಿಗೆ ಸೀಟು ಹಂಚಿಕೆಯೇ ಆಗಲಿಲ್ಲ.

ಏಪ್ರಿಲ್‌ನ ಆ ತೀರ್ಪನ್ನು ಮಾವ ಆಫೀಸಿನ ಪ್ರಿಂಟರಿನಲ್ಲಿ ತೆಗೆದುಕೊಟ್ಟರು. ನ್ಯಾಯಮೂರ್ತಿಗಳು ಒಂದೊಂದೇ ಪ್ರಶ್ನೆ ಎತ್ತಿಕೊಂಡು, ಪ್ಯಾಸೇಜ್ ಏನು ಹೇಳುತ್ತದೆ, ಈ ಆಯ್ಕೆ ಯಾಕೆ ನಿಲ್ಲುವುದಿಲ್ಲ ಅಂತ ಬಿಡಿಸಿ ಬರೆದಿದ್ದಾರೆ. ನಾನು ಮೊದಲು ಪ್ರಶ್ನೆಗೆ ಉತ್ತರ ಹಾಕಿ, ಆಮೇಲೆ ತೀರ್ಪಿನ ಆ ಭಾಗ ಓದುತ್ತಿದ್ದೆ. ಕೋಚಿಂಗಿನ ಉತ್ತರಪಟ್ಟಿಗಳಲ್ಲಿ ‘ಸಿ ಸರಿ, ಪ್ಯಾಸೇಜ್ ನೋಡಿ’ ಅಂತ ಒಂದು ಸಾಲು ಇರುತ್ತದೆ. ಇಲ್ಲಿ ಒಂದು ಪ್ರಶ್ನೆಗೆ ಕಾರಣಗಳ ಸಾಲೇ ಇದೆ. ಕ್ಲಾಟ್‌ಗೆ ಓದುವವರು ಯಾರಾದರೂ ಇದ್ದರೆ ಅದನ್ನು ಹುಡುಕಿ ಓದಿ. ಪುಕ್ಕಟೆ ಸಿಗುತ್ತದೆ.

ಅರ್ಜಿ ಹಾಕುವಾಗ ಕರ್ನಾಟಕದವರು ನೋಡಿಕೊಳ್ಳಬೇಕಾದ ಒಂದು ವಿಷಯ. ನಾಗರಭಾವಿಯ ಲಾ ಸ್ಕೂಲಿನಲ್ಲಿ ಶೇ 25 ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ. ಮಾತೃಭಾಷೆ ಕನ್ನಡ ಅಂದರೆ ಆಗಲ್ಲ, ರಾಜ್ಯದ ಮಾನ್ಯತೆ ಪಡೆದ ಶಾಲೆಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು. ಸ್ಟಡಿ ಸರ್ಟಿಫಿಕೇಟುಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಪ್ರೈಮರಿ ಶಾಲೆ ಒಂದು ಕಡೆ, ಹೈಸ್ಕೂಲು ಇನ್ನೊಂದು ಕಡೆ ಆದವರಿಗೆ ಎರಡೂ ಕಡೆ ತಿರುಗಾಟ. ನನ್ನ ಪ್ರೈಮರಿ ಶಾಲೆಯಲ್ಲಿ ದಾಖಲಾತಿ ಪುಸ್ತಕ ಹುಡುಕಿ ಬರೆದುಕೊಟ್ಟ ಮೇಷ್ಟ್ರು, ‘ಏನಮ್ಮಾ, ಜಡ್ಜ್ ಆಗ್ತೀಯಾ?’ ಅಂತ ಕೇಳಿದ್ದಕ್ಕೆ, ಸೀಲು ಒತ್ತೋವರೆಗೂ ಹೂಂ ಅಂದೆ.

ಪರೀಕ್ಷೆಯ ದಿನ ಬೆಳಗಿನ ರೈಲಿಗೆ ಅಪ್ಪನ ಜೊತೆ ಬೆಂಗಳೂರಿಗೆ ಹೋದೆ. ಸೆಂಟರಿನ ಗೇಟಿನ ಮುಂದೆ ಕೋಚಿಂಗಿನವರು ಹಂಚುವ ಕರಪತ್ರ, ಇಂಗ್ಲಿಷಿನಲ್ಲಿ ಪಟಪಟ ಮಾತಾಡುವ ಮಕ್ಕಳು, ಕೊನೇ ಗಳಿಗೆಯಲ್ಲೂ ನೋಟ್ಸ್ ತಿರುವುವವರು. ಒಬ್ಬಳು ಫೋನಿನಲ್ಲಿ ಅಮ್ಮನಿಗೆ ಕನ್ನಡದಲ್ಲಿ ‘ಹಾಲ್ ಟಿಕೆಟ್ ಇದೆ ಬಿಡಮ್ಮಾ’ ಅಂತ ರೇಗುತ್ತಿದ್ದಳು. ಸ್ವಲ್ಪ ಧೈರ್ಯ ಬಂತು.

ಒಳಗೆ ನಾನು ಅಂದುಕೊಂಡ ಕ್ರಮದಲ್ಲೇ ಹೋದೆ. ಮೊದಲು ಪ್ರಚಲಿತ ವಿದ್ಯಮಾನ, ಯಾಕೆಂದರೆ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ, ಯೋಚಿಸಿ ಪ್ರಯೋಜನವಿಲ್ಲ. ಆಮೇಲೆ ಲೀಗಲ್, ತಲೆ ಚುರುಕಾಗಿರುವಾಗಲೇ. ಆಮೇಲೆ ಲಾಜಿಕ್, ಇಂಗ್ಲಿಷ್, ಕೊನೆಗೆ ಗಣಿತ. ಒಂದು ಪ್ಯಾಸೇಜ್ ಎರಡು ಸಲ ಓದಿದರೂ ಕೈಗೆ ಸಿಗಲಿಲ್ಲ. ಅದರ ಪ್ರಶ್ನೆ ಸಂಖ್ಯೆಗೆ ಸುತ್ತು ಹಾಕಿ ಮುಂದೆ ಹೋದೆ. ನನ್ನ ಪಕ್ಕದ ಹುಡುಗ ಮೊದಲ ಅರ್ಧ ಗಂಟೆ ಒಂದು ವೃತ್ತವನ್ನೂ ತುಂಬದೆ ಓದುತ್ತಲೇ ಇದ್ದ. ಕೊನೆಯ ಹತ್ತು ನಿಮಿಷ ಅವನ ಪೆನ್ನಿನ ಸದ್ದು ಮಾತ್ರ ಕೇಳಿಸುತ್ತಿತ್ತು.

ಫಲಿತಾಂಶ ಡಿಸೆಂಬರಿನಲ್ಲೇ ಬಂತು. ನಾಗರಭಾವಿಗೆ ಸಾಲುವ ರ‍್ಯಾಂಕ್ ಅಲ್ಲ, ಕರ್ನಾಟಕದ ಶೇ 25ರಲ್ಲೂ ಅಲ್ಲ. ಕೌನ್ಸೆಲಿಂಗ್‌ಗೆ ಮುಂಗಡ ಹಣ ಕಟ್ಟಿ, ಎನ್‌ಎಲ್‌ಯುಗಳನ್ನು ನಮಗೆ ಬೇಕಾದ ಕ್ರಮದಲ್ಲಿ ಜೋಡಿಸಬೇಕು. ಮನೆಯಲ್ಲಿ ನಕ್ಷೆ ಹರಡಿಕೊಂಡು ಕೂತೆವು. ಅಮ್ಮ ದೂರ ನೋಡುತ್ತಿದ್ದರು, ಅಪ್ಪ ಫೀಸು ನೋಡುತ್ತಿದ್ದರು. ಬಹಳಷ್ಟು ಕಡೆ ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ. ಇದನ್ನು ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ಮಾತಾಡೋದು ಒಳ್ಳೇದು, ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಬಗ್ಗೆಯೂ ವಿಚಾರಿಸಬೇಕು. ಮಾವ ಮಾತ್ರ ಒಂದೊಂದು ಊರಿನ ಹೈಕೋರ್ಟು ಎಷ್ಟು ದೂರ ಅಂತ ಕೇಳುತ್ತಿದ್ದರು.

ಮೊದಲ ಪಟ್ಟಿಯಲ್ಲಿ ತಿರುಚಿರಾಪಳ್ಳಿ ಬಂತು. ಸೀಟು ಬಂದಮೇಲೆ ಮೂರು ದಾರಿ: ಫ್ರೀಜ್ ಅಂದರೆ ಇದೇ ಸಾಕು, ಫ್ಲೋಟ್ ಅಂದರೆ ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುತ್ತೇನೆ, ಎಕ್ಸಿಟ್ ಅಂದರೆ ಬೇಡ. ಫ್ಲೋಟ್ ಹಾಕಿದೆ. ಮುಂದಿನ ಪಟ್ಟಿಯಲ್ಲೂ ಅದೇ ಉಳಿಯಿತು, ಫ್ರೀಜ್ ಮಾಡಿದೆ.

ಸಿಹಿ ಹಂಚೋಣ ಅಂತ ಅಮ್ಮ ಹೊರಟಾಗ ಮಾವ ತಡೆದರು. ಪಿಯುಸಿ ಬೋರ್ಡ್ ಪರೀಕ್ಷೆ ಇನ್ನೂ ಮುಂದಿತ್ತು, ಅಕೌಂಟೆನ್ಸಿ ಪುಸ್ತಕ ತಿಂಗಳುಗಟ್ಟಲೆ ಮುಟ್ಟಿರಲಿಲ್ಲ, ಶೇ 45ರ ಷರತ್ತು ಹಾಗೇ ಇತ್ತು. ‘ಇದು ಮಧ್ಯಂತರ ಆದೇಶ ಅಷ್ಟೇ ಕಣಕ್ಕಾ’ ಅಂದರು ಅಮ್ಮನಿಗೆ. ‘ಪಿಯುಸಿ ಹೋದ್ರೆ ಇದೂ ವಜಾ.’